ಹತ್ತಿರದ ಹತ್ತಕ್ಕೆ

ಮಾರ್ಚ್ ೩, ಸೋಮವಾರ

ನನ್ನ ಗಂಡನ ಕನ್ನಡಕದಂಗಡಿಗೆ ಯಾವುದೋ ಗಾಜಿನ ಕಂಪನಿ ಹೊಸ ವರ್ಷಕ್ಕೆ ಕೊಟ್ಟ ದಿನಚರಿ ಇದು. ಪ್ರತಿ ಪುಟದ ಕೆಳಗೂ ‘ಸ್ಪಷ್ಟವಾಗಿ ನೋಡಿ’ ಎಂದು ಅಚ್ಚಾಗಿದೆ. ಎರಡು ತಿಂಗಳು ನೋಡಿಯೂ ನೋಡದಂತೆ ಬಿಟ್ಟಿದ್ದೆ. ಇವತ್ತಿನಿಂದ ಬರೆಯುತ್ತೇನೆ, ಏಕೆಂದರೆ ಗೊಣಗಿಕೊಳ್ಳಲು ನನಗೀಗ ಕೋಣೆಯಿಲ್ಲ.

ನನ್ನ ಕೋಣೆ ಅತ್ತೆಯ ವಶವಾಗಿದೆ. ಅವರ ಬಲ ಮೊಣಕಾಲಿನ ಕೀಲು ಬದಲಾಯಿಸಿ ಮೂರು ವಾರ. ಅವರ ಸ್ವಂತ ಕೋಣೆ ಮಹಡಿಯ ಮೇಲೆ, ಹದಿನೇಳು ಮೆಟ್ಟಿಲಿನಾಚೆ. ಹತ್ತುವಂತಿಲ್ಲ. ಹಾಗಾಗಿ ನಾನು ಮನೆಯಿಂದ ಕೆಲಸ ಮಾಡುವ ಕೆಳಗಿನ ಕೋಣೆಗೆ ಮಂಚ ಬಂತು, ಮಂಚದ ಜೊತೆ ಅತ್ತೆ ಬಂದರು. ನಾನೇ ಮೇಲೆ ಹೋಗೋಣವೆಂದರೆ ಅಲ್ಲಿ ಇಂಟರ್ನೆಟ್ ಬರುವುದಿಲ್ಲ. ಮೂವತ್ತೆಂಟು ವರ್ಷ ಶಾಲೆಯಲ್ಲಿ ಕೋನ ಕಲಿಸಿದವರು ಒಬ್ಬರು, ಆಫೀಸಿಗೆ ಕೋಣದ ಹಾಗೆ ದುಡಿಯುವವಳು ಒಬ್ಬಳು, ಇಬ್ಬರಿಗೂ ಕೋಣೆ ಒಂದೇ.

ಡಾಕ್ಟರು ಹೇಳಿರುವುದು ಇಷ್ಟು: ಏಪ್ರಿಲ್ ಹನ್ನೊಂದರ ತಪಾಸಣೆಯ ಹೊತ್ತಿಗೆ ಮೊಣಕಾಲು ತೊಂಬತ್ತು ಡಿಗ್ರಿ ಬಾಗಬೇಕು. ಇಲ್ಲದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು, ಅವರೇ ಹಿಡಿದು ಬಗ್ಗಿಸುತ್ತಾರೆ. ಜೀವಮಾನವೆಲ್ಲ ಯಾರಿಗೂ ಬಾಗದ ಅತ್ತೆ ಇವತ್ತು ಐವತ್ತೆರಡು ಡಿಗ್ರಿ ಬಾಗಿದ್ದಾರೆ.

ಬಗ್ಗಿಸುವುದಕ್ಕೆ ಅವರು ಹೆದರಿಲ್ಲ, ಅರಿವಳಿಕೆಗೆ ಹೆದರಿದ್ದಾರೆ. ಹೋದ ಸಲ ಎಚ್ಚರವಾದ ಮೇಲೆ ಎರಡು ದಿನ ಮಂಕಾಗಿದ್ದರು. ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಏಳರ ಮಗ್ಗಿ ಹೇಳಿಕೊಳ್ಳುತ್ತಿದ್ದರು. “ಏಳೆಂಟ್ಲ…” ಎಂದು ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ “ಏಳೆಂಟ್ಲ…” ನಾನು ಪಕ್ಕದಲ್ಲೇ ಇದ್ದದ್ದು ಅವರಿಗೆ ಗೊತ್ತಿಲ್ಲ. ಇವರಿಗೂ ಹೇಳಿಲ್ಲ.

ಮಾರ್ಚ್ ೬, ಗುರುವಾರ

ಇವತ್ತು ವಿಡಿಯೋ ಸಭೆ. ನಮ್ಮ ಮೇಲಧಿಕಾರಿಗೆ ನಾವೆಲ್ಲ ಇಟ್ಟ ಹೆಸರು ‘ಗಡುವು’. ನಮಸ್ಕಾರಕ್ಕೆ ಮೊದಲೇ ದಿನಾಂಕ ಕೇಳುವ ಮನುಷ್ಯ. ನನ್ನ ಬೆನ್ನ ಹಿಂದೆ ಅತ್ತೆ ಮಂಚದ ಮೇಲೆ ಕಾಲು ನೀಡಿಕೊಂಡು, ಬಾಯಿಗೆ ಸೆರಗು ಹಿಡಿದು, ಕೇಳಿಸಿಕೊಳ್ಳದವರಂತೆ ಎಲ್ಲವನ್ನೂ ಕೇಳಿಸಿಕೊಂಡರು.

ಸಭೆ ಮುಗಿದದ್ದೇ ತಡ, “ಏನೇ ಅದು, ಓರೆ ಓರೆ ಅಂತಿದ್ರಲ್ಲ?”

ಹೇಳಿದೆ. ಫೋನಿನೊಳಗೆ ಒಂದು ಸೆನ್ಸರ್ ಇರುತ್ತದೆ. ಫೋನ್ ನೆಟ್ಟಗಿದೆಯೋ, ಮಲಗಿದೆಯೋ, ಎಷ್ಟು ವಾಲಿದೆಯೋ ಅದಕ್ಕೆ ಗೊತ್ತು. ನಾವು ತಯಾರಿಸುವ ಬ್ರೌಸರ್ ಆ ಡಿಗ್ರಿಯನ್ನು ಕೇಳಿದ ವೆಬ್‌ಸೈಟಿಗೆಲ್ಲ ಯಥಾವತ್ತಾಗಿ ಹೇಳಿಬಿಡುತ್ತದೆ, ಪಾಯಿಂಟ್ ಮುಂದಿನ ನಾಲ್ಕು ಅಂಕಿಗಳ ಸಮೇತ. ಒಬ್ಬೊಬ್ಬರು ಫೋನ್ ಹಿಡಿಯುವ ರೀತಿ, ಒಂದೊಂದು ಸೆನ್ಸರಿನ ಸಣ್ಣ ಊನ, ಇವನ್ನೇ ಗುರುತು ಮಾಡಿಕೊಂಡು ಜಾಹೀರಾತಿನವರು ಹಿಂದೆ ಬೀಳುತ್ತಾರೆ. ಅದಕ್ಕೆ ಇನ್ನು ಮುಂದೆ ಹತ್ತಿರದ ಹತ್ತಕ್ಕೆ ಸರಿಮಾಡಿ ಹೇಳುವುದು. ಅರವತ್ತೆಂಟು ಪಾಯಿಂಟ್ ಮೂರು ಇದ್ದರೆ ಎಪ್ಪತ್ತು. ಮುಗಿಯಿತು.

“ಅಂದ್ರೆ ಸುಳ್ಳು ಹೇಳೋದು.”

“ಸುಳ್ಳಲ್ಲ ಅತ್ತೆ, ಸುಮಾರು.”

“ನಮ್ಮ ಶಾಲೇಲಿ ಸುಮಾರು ಅಂದ್ರೆ ಮೂವತ್ತೈದು ಅಂಕ.”

ಕಣ್ಣು ಮುಚ್ಚಿಕೊಂಡರು. ಒಳ್ಳೆಯ ಕೆಲಸವನ್ನು ಒಳ್ಳೆಯದೆಂದು ಒಪ್ಪಿಕೊಳ್ಳುವುದು ಈ ಮನೆಯಲ್ಲಿ ಪಠ್ಯದಲ್ಲಿಲ್ಲ.

ಮಾರ್ಚ್ ೯, ಭಾನುವಾರ

ಅರವತ್ತು!

ದಿನಕ್ಕೊಂದು, ಒಂದೂವರೆ ಡಿಗ್ರಿ ಏರುತ್ತಿದೆ. ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ತಮ್ಮ ರೋಗಿಗಳಿಗೆಂದೇ ಒಂದು ವೆಬ್‌ಸೈಟ್ ಮಾಡಿಸಿದ್ದಾರೆ. ಕುರ್ಚಿಯಲ್ಲಿ ಕೂತು ಫೋನನ್ನು ರಬ್ಬರ್ ಪಟ್ಟಿಯಿಂದ ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುವುದು. ಕಾಲು ನೇರ ಚಾಚಿದರೆ ಸೊನ್ನೆ. ಮೆಲ್ಲಗೆ ಕೆಳಗಿಳಿಸುತ್ತಾ ಹೋದರೆ ಪರದೆಯ ಮೇಲೆ ದಪ್ಪ ಅಂಕಿ ಏರುತ್ತಾ ಹೋಗುತ್ತದೆ. ಕಾಲು ನೇತಾಡಿ ನೆಟ್ಟಗೆ ನೆಲ ನೋಡಿದರೆ ತೊಂಬತ್ತು. ಅತ್ತೆ ಹಲ್ಲು ಕಚ್ಚಿ ಇಳಿಸುತ್ತಾರೆ, ನಾನು ಬಗ್ಗಿ ಓದುತ್ತೇನೆ, ಅವರು ಹಳೇ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ದಿನಾಂಕ, ಬೆಳಿಗ್ಗೆ, ಸಂಜೆ. ಸಂಜೆ ಯಾವಾಗಲೂ ಒಂದೆರಡು ಕಡಿಮೆ. ದಣಿವಿಗೆ ಪಾಪ ಅದರದೇ ಲೆಕ್ಕ.

“ಬಗ್ಗಿ ಬಗ್ಗಿ ನೋಡಿ ನಿನ್ನ ಬೆನ್ನು ತೊಂಬತ್ತಾಯ್ತು ಕಣೇ,” ಎಂದರು. ನಗುವುದು ಕಷ್ಟ, ಪಟ್ಟಿ ಜಾರುತ್ತದೆ.

ಮಾರ್ಚ್ ೧೩, ಗುರುವಾರ

ಬೆಳಿಗ್ಗೆ ಅರವತ್ತೇಳು.

ಗಡುವಿನ ಅಪ್ಪಣೆ: ಹೊಸ ಬ್ರೌಸರಿನ ಪರೀಕ್ಷಾ ಆವೃತ್ತಿಯನ್ನು ಪ್ರತಿಯೊಬ್ಬರೂ ಮನೆಯ ಐದು ಫೋನುಗಳಿಗೆ ಹಾಕಿ ದಿನವೂ ಬಳಸಬೇಕು, ಇವತ್ತಿನಿಂದಲೇ. ನನ್ನದು, ನನ್ನ ಹಳೆಯದು, ಇವರದು, ಅಂಗಡಿಯದು. ನಾಲ್ಕೇ ಆಯಿತು. ಅತ್ತೆ ರಾತ್ರಿ ಊಟವಾಗಿ ಗೊರಕೆ ಹೊಡೆಯುತ್ತಿದ್ದರು. ಫೋನ್ ದಿಂಬಿನ ಪಕ್ಕದಲ್ಲಿತ್ತು. ಐದಾಯಿತು.

ಮಾರ್ಚ್ ೧೪, ಶುಕ್ರವಾರ

ಒಂದೇ ರಾತ್ರಿಗೆ ಮೂರು ಡಿಗ್ರಿ! ಎಪ್ಪತ್ತು! ಅತ್ತೆ ಎರಡೆರಡು ಸಲ ನೋಡಿ, ಹಾಜರಿ ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದರು. ಇವರು ಅಂಗಡಿಯಿಂದ ಬರುವಾಗ ಸಿಹಿ ತಂದರು. ಮೊದಲೇ ಅಂಗಡಿಗೆ ಫೋನ್ ಮಾಡಿ ಮಗನಿಗೆ ವರದಿ ಕೊಟ್ಟಿದ್ದರು: “ಬಗ್ಗಿದೆ ಕಣೋ.” ಇವರು, “ಅಮ್ಮ ಬಗ್ಗಿದ್ದು ಚರಿತ್ರೇಲಿ ಮೊದಲು,” ಎಂದು ಹೇಳಿ ಬೈಸಿಕೊಂಡರು.

ಹೀಗೇ ಹೋದರೆ ತಿಂಗಳ ಕೊನೆಗೆ ನನ್ನ ಕೋಣೆ ನನಗೆ.

ಮಾರ್ಚ್ ೧೯, ಬುಧವಾರ

ಎಪ್ಪತ್ತು. ನಿನ್ನೆಯೂ. ಮೊನ್ನೆಯೂ. ಆಚೆ ಮೊನ್ನೆಯೂ.

ಫಿಸಿಯೋ ಮೇಡಮ್ಮಿಗೆ ಫೋನ್ ಮಾಡಿದೆ. ಒಮ್ಮೊಮ್ಮೆ ಹೀಗೆ ನಿಲ್ಲುತ್ತದಂತೆ, ಗಟ್ಟಿಯಾಗಿ ಒತ್ತಿ ಮಾಡಬೇಕಂತೆ. ಅತ್ತೆಗೆ ಹೇಳಿದೆ. ಹತ್ತು ಸಲದ ಬದಲು ಹದಿನೈದು ಸಲ ಬಗ್ಗಿಸಿದರು, ಕಣ್ಣಲ್ಲಿ ನೀರು ಬಂತು, ಪರದೆ ನೋಡಿದರು. ಎಪ್ಪತ್ತು.

ಆಫೀಸಿನ ಕೆಲಸ ಚೆನ್ನಾಗಿ ನಡೆದಿದೆ. ಆವೃತ್ತಿ ಏಪ್ರಿಲ್ ಎರಡಕ್ಕೆ ಎಲ್ಲರ ಫೋನಿಗೂ ಹೋಗುತ್ತದೆ. ಗಡುವು ನನ್ನ ಹೆಸರು ಹಿಡಿದು ಹೊಗಳಿದರು, ತಾರೀಖಿಗೆ ಮೊದಲೇ.

ಮಾರ್ಚ್ ೨೨, ಶನಿವಾರ

ಇವತ್ತು ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ. ಅವರ ಒಳ್ಳೆಯದಕ್ಕೇ.

ಮಧ್ಯಾಹ್ನದ ವ್ಯಾಯಾಮದ ಹೊತ್ತಿಗೆ ಅತ್ತೆ ಪೇಪರ್ ಹಿಡಿದು ಕೂತಿದ್ದರು. ಮಾಡಿದ್ರಾ ಎಂದೆ. ಹೂಂ ಎಂದರು. ಪಟ್ಟಿ ಕಟ್ಟಿದ ಗುರುತೇ ಕಾಲ ಮೇಲಿರಲಿಲ್ಲ.

“ನೀವು ಟೀಚರ್ ಆಗಿದ್ದಾಗ ಹೋಮ್‌ವರ್ಕ್ ಮಾಡದೋರಿಗೆ ಏನು ಮಾಡ್ತಿದ್ರಿ?”

“ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ.”

“ನಿಂತ್ಕೊಳ್ಳಿ ಹಾಗಾದ್ರೆ.”

“ಬೆಂಚು ಹತ್ತೋ ಹಾಗಿದ್ರೆ ನಿನ್ನ ಕೋಣೇಲಿ ಯಾಕೆ ಇರ್ತಿದ್ದೆ? ಮಹಡಿ ಹತ್ತಿ ನನ್ನ ಪಾಡಿಗೆ ನಾನು ಇರ್ತಿದ್ದೆ.”

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಆಮೇಲೆ ಹೇಳಿದೆ: ಫೋನ್ ಸುಳ್ಳು ಹೇಳೋಲ್ಲ ಅತ್ತೆ, ಮಾಡಿದ್ರೆ ಏರುತ್ತೆ, ಮಾಡದಿದ್ರೆ ನಿಲ್ಲುತ್ತೆ.

“ಬಿಡು. ಹನ್ನೊಂದನೇ ತಾರೀಕು ಅವರೇ ಮಡಚಲಿ,” ಎಂದರು. ಸ್ವಲ್ಪ ಹೊತ್ತಿಗೆ ಪೇಪರ್ ಹಿಂದಿನಿಂದ ಸಣ್ಣ ದನಿ. ಏಳರ ಮಗ್ಗಿ. ಪೂರ್ತಿ ಹೇಳಿದರು, ನಿಲ್ಲಲಿಲ್ಲ. ಆದರೂ ಅದನ್ನು ಅವರು ದಿನಾ ಪರೀಕ್ಷಿಸಿಕೊಳ್ಳುತ್ತಾರೆ ಎಂದು ನನಗೆ ಇವತ್ತು ಗೊತ್ತಾಯಿತು.

ಮಾರ್ಚ್ ೨೪, ಸೋಮವಾರ

ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ಅತ್ತೆ ಹಾಜರಿ ಪುಸ್ತಕ ಬಿಡಿಸಿಟ್ಟುಕೊಂಡಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಆ ಭಂಗಿಗೆ ಮೂವತ್ತೆಂಟು ವರ್ಷದ ಮಕ್ಕಳು ನಡುಗಿದ್ದಾರೆ, ನಾನೂ ಲೋಟ ಗಟ್ಟಿಯಾಗಿ ಹಿಡಿದೆ.

“ಬಾ ಇಲ್ಲಿ. ಇದು ನೋಡು. ಹದಿಮೂರನೇ ತಾರೀಕಿನ ತನಕ ಬೆಳಿಗ್ಗೆ ಒಂದು, ಸಂಜೆ ಒಂದು. ಏರುತ್ತೆ, ಇಳಿಯುತ್ತೆ. ಹದಿನಾಲ್ಕರಿಂದ ಬೆಳಿಗ್ಗೆ ಎಪ್ಪತ್ತು, ಸಂಜೆ ಎಪ್ಪತ್ತು. ಹತ್ತು ದಿನ.”

“ಅದೇ ಅತ್ತೆ, ನಿಂತ್ಬಿಟ್ಟಿದೆ.”

“ನಿಂತಿದ್ರೂ ಒಂದು ಡಿಗ್ರಿ ಆಚೆ ಈಚೆ ಆಗಬೇಕು. ನನ್ನ ಕಾಲು ಅಷ್ಟು ಶಿಸ್ತಿನದಲ್ಲ. ತ್ರಿಕೋನ ಅಳೆದು ಬನ್ನಿ ಅಂದ್ರೆ ಮಕ್ಕಳು ಬರ್ಕೊಂಡು ಬರೋರು. ನಲವತ್ತು ಜನರದ್ದೂ ಒಂದೇ ಉತ್ತರ ಬಂದ್ರೆ ಏನರ್ಥ ಗೊತ್ತಾ? ಯಾರೂ ಅಳೆದಿಲ್ಲ. ನಕಲು.” ಫೋನಿನ ಮೇಲೆ ಬೆರಳಿಂದ ಕುಟ್ಟಿದರು. “ಇದು ನಕಲು ಹೊಡೀತಿದೆ.”

ಐದನೇ ಫೋನು ನೆನಪಾಯಿತು. ಹತ್ತಿರದ ಹತ್ತಕ್ಕೆ. ಅರವತ್ತೈದರಿಂದ ಎಪ್ಪತ್ತೈದರ ತನಕ ಎಲ್ಲವೂ ಎಪ್ಪತ್ತು.

ಅತ್ತೆ ಹೇಳಿದರೆಂದು ಮಹಡಿಗೆ ಓಡಿ ಅವರ ಕಪಾಟಿನಿಂದ ಕಪ್ಪು ಹಲಗೆಯ ಮೇಲೆ ಬಳಸುವ ಮರದ ಕೋನಮಾಪಕ ತಂದೆ. ತಟ್ಟೆಯಷ್ಟು ದೊಡ್ಡದು, ಅಂಚಿಗೆ ಸೀಮೆಸುಣ್ಣದ ಬಿಳಿ ಇನ್ನೂ ಕೂತಿದೆ. ನಾನು ಹಿಡಿದೆ, ಅವರು ಕಾಲು ಇಳಿಸಿದರು.

ಎಪ್ಪತ್ನಾಲ್ಕು.

“ನೋಡಿದ್ಯಾ! ನಾನು ಸುಮ್ಮನೆ ಕೂತಿರಲಿಲ್ಲ!” ಎಂದರು. ಗೆದ್ದ ಖುಷಿಯಲ್ಲಿ ಕಾರಣ ಕೇಳುವುದನ್ನೇ ಮರೆತರು. ನಾನೂ ಹೇಳಲಿಲ್ಲ. ಸಭೆಯಿತ್ತು.

ಸಭೆ ಹನ್ನೊಂದಕ್ಕಿತ್ತು. ಈ ಮಾತು ನಡೆದದ್ದು ಎಂಟಕ್ಕೆ.

ಮಾರ್ಚ್ ೨೫, ಮಂಗಳವಾರ

ಅತ್ತೆ ಸ್ನಾನಕ್ಕೆ ಹೋದಾಗ ಅವರ ಫೋನಿನಿಂದ ಪರೀಕ್ಷಾ ಆವೃತ್ತಿ ತೆಗೆದು ಹಳೆಯದನ್ನು ಹಾಕಿದೆ. ಸರಿಯಾಯಿತಲ್ಲ, ಇನ್ನೇನು ಎಂದುಕೊಂಡೆ. ಯಾರಿಗೆ ಸಮಾಧಾನ ಹೇಳುತ್ತಿದ್ದೆನೋ.

ಹತ್ತು ಗಂಟೆಗೆ ಫೋನ್ ತೋರಿಸಿತು: ಎಪ್ಪತ್ನಾಲ್ಕು. ಅತ್ತೆ ಫೋನನ್ನು ನೋಡಿದರು, ನನ್ನನ್ನು ನೋಡಿದರು. ನಕಲು ಹಿಡಿಯುವ ನೋಟ.

“ನಿನ್ನೆ ಹೇಳ್ದೆ ಇದ್ದದ್ದನ್ನ ಇವತ್ತು ಹೇಳ್ತಿದೆ. ಯಾರಾದ್ರೂ ಪಾಠ ಮಾಡಿದ್ರಾ ಇದಕ್ಕೆ?”

ಹೇಳಿಬಿಟ್ಟೆ. ಹದಿಮೂರರ ರಾತ್ರಿ, ಗೊರಕೆ, ದಿಂಬು, ಐದನೇ ಫೋನು, ಎಲ್ಲ. ಪಟ್ಟಿ ಬಿಚ್ಚುತ್ತಾ ನೆಲಕ್ಕೆ ಕೂತೇ ಹೇಳಿದೆ, ಮುಖ ನೋಡುವ ಅಗತ್ಯ ಬೀಳಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಕೇಳಿದ್ರೆ ಹಾಕ್ಕೋ ಅಂತಿದ್ದೆ,” ಎಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹಾಜರಿ ಪುಸ್ತಕ ಮುಚ್ಚಿ ಕೇಳಿದರು. “ಫಿಸಿಯೋ ಹತ್ರ ನನ್ನ ಹಾಗೆ ಎಷ್ಟು ಜನ?”

“ನಾನೂರು ಅಂದಿದ್ರು.”

“ನಿಮ್ಮದು ಎಲ್ಲರಿಗೂ ಹೋಗೋದು ಎಂದು?”

“ಎರಡನೇ ತಾರೀಕು.”

“ಅವರ ಮನೇಲೆಲ್ಲ ಕೋನಮಾಪಕ ಇರುತ್ತಾ?”

ಮಾರ್ಚ್ ೨೬, ಬುಧವಾರ

ಅತ್ತೆ ಎಪ್ಪತ್ತಾರು. ಹದಿನೆಂಟು ಸಲ ಬಗ್ಗಿಸಿದರು, ಯಾರೂ ಹೇಳದೆ.

ನಾನು ಸಭೆಯಲ್ಲಿ ಮಂಡಿಯ ವಿಷಯ ಮಂಡಿಸಿದೆ. ಆವೃತ್ತಿ ನಿಲ್ಲಿಸಬೇಕು ಎಂದೆ. ಪರದೆಯಲ್ಲಿ ಹನ್ನೆರಡು ಮುಖಗಳು ಒಟ್ಟಿಗೆ ಮೈಕು ಬಂದ್ ಮಾಡಿದವು.

“ಒಬ್ಬ ಅತ್ತೆಗೋಸ್ಕರ ಎಲ್ಲ ನಿಲ್ಲಿಸೋಕಾಗುತ್ತಾ?” ಎಂದರು ಗಡುವು.

“ಒಬ್ಬರ ಹತ್ರ ಕೋನಮಾಪಕ ಇತ್ತು ಸರ್. ಅದಕ್ಕೆ ಗೊತ್ತಾಯ್ತು.”

“ಹಾಗಾದ್ರೆ ಜಾಹೀರಾತಿನವರು ಹಿಂದೆ ಬೀಳಲಿ ಅಂತೀರಾ? ಇದು ನೀವೇ ಮಾಡಿದ್ದು.”

“ನಾನೇ ಮಾಡಿದ್ದು ಸರ್. ಎಲ್ಲರಿಗೂ ಸುಮಾರಾಗೇ ಹೇಳೋಣ. ಸರಿಯಾದ ಅಂಕಿ ಬೇಕು ಅನ್ನೋ ವೆಬ್‌ಸೈಟ್ ಬಂದ್ರೆ ಫೋನಿನ ಯಜಮಾನರನ್ನ ಒಂದು ಮಾತು ಕೇಳೋಣ. ಅವರು ಹೂಂ ಅಂದ್ರೆ ಕೊಡೋಣ.”

“ಕೇಳೋಕೆ ಎಷ್ಟು ದಿನ ಬೇಕು?”

“ಎರಡು ವಾರ.”

“ಜನ ಓದೋದೇ ಇಲ್ಲ. ಸುಮ್ಮನೆ ಒತ್ತುತ್ತಾರೆ.”

ಆಗ ನನ್ನ ಬೆನ್ನ ಹಿಂದಿನಿಂದ ತರಗತಿಯ ದನಿ: “ಓದೋ ಹಾಗೆ ಬರೆದ್ರೆ ಓದ್ತಾರೆ!”

ಗಡುವು ಬೆಚ್ಚಿ ಕುರ್ಚಿಯಲ್ಲಿ ನೆಟ್ಟಗಾದರು. “ಯಾರದು?”

“ಐದನೇ ಫೋನು ಸರ್,” ಎಂದೆ.

ನಾಳೆ ಹೇಳುತ್ತೇನೆ ಎಂದು ಸಭೆ ಮುಗಿಸಿದರು. ದಿನಾಂಕ ಗೊತ್ತುಮಾಡದೆ ಎದ್ದುಹೋದದ್ದು ಇದೇ ಮೊದಲು.

ಮಾರ್ಚ್ ೨೮, ಶುಕ್ರವಾರ

ಏಪ್ರಿಲ್ ಹದಿನಾರಕ್ಕೆ ಮುಂದೂಡಿದ್ದಾರೆ. ಹೊಗಳಿಕೆಯನ್ನು ವಾಪಸು ತೆಗೆದುಕೊಂಡಿದ್ದಾರೆ. ಸರಿ, ಅದೂ ಹತ್ತಿರದ ಹತ್ತಕ್ಕೆ ಮಾಡಿದ ಹೊಗಳಿಕೆಯೇ ಇರಬೇಕು.

ಪ್ರಶ್ನೆ ಬರೆಯುವ ಕೆಲಸ ನನ್ನದು. ಬರೆದು ಅತ್ತೆಗೆ ಓದಿದೆ: “ಈ ತಾಣವು ನಿಮ್ಮ ಸಾಧನದ ಚಲನ ಸಂವೇದಕ ದತ್ತಾಂಶಕ್ಕೆ ಪೂರ್ಣ ನಿಖರತೆಯ ಪ್ರವೇಶವನ್ನು ಕೋರುತ್ತಿದೆ. ಅನುಮತಿಸುವಿರಾ?”

“ಇದು ಪ್ರಶ್ನೆಯೋ, ಪಂಚನಾಮೆಯೋ?”

ಕೆಂಪು ಪೆನ್ನು ಕೇಳಿದರು. ಕೊಟ್ಟೆ. ಮೂರು ಕರಡು ಹರಿದುಹಾಕಿ ನಾಲ್ಕನೆಯದಕ್ಕೆ ಒಪ್ಪಿದರು: “ನಿಮ್ಮ ಫೋನ್ ಎಷ್ಟು ಬಾಗಿದೆ ಎಂದು ಈ ವೆಬ್‌ಸೈಟಿಗೆ ಸರಿಯಾಗಿ ಹೇಳಲೇ, ಸುಮಾರಾಗಿ ಹೇಳಲೇ?” ಕೆಳಗೆ ಎರಡು ಗುಂಡಿ: ಸರಿಯಾಗಿ, ಸುಮಾರಾಗಿ. ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಒಂದು ಯಾಕೆ ಹೋಯಿತೆಂದರೆ, “ಕೈಬರಹ.”

ಎಪ್ಪತ್ತೆಂಟು.

ಏಪ್ರಿಲ್ ೨, ಬುಧವಾರ

ಎಂಬತ್ತೆರಡು. ಇವತ್ತು ಹೊರಗೆ ಹೋಗಬೇಕಾಗಿದ್ದ ಆವೃತ್ತಿ ಹೋಗಲಿಲ್ಲ. ಸದ್ಯ.

ನಮ್ಮ ಕೋಣೆಯ ಫ್ಯಾನು ಕಿರುಗುಟ್ಟುತ್ತಿದೆ, ಇವರಿಗೆ ಹೇಳಬೇಕು.

ಏಪ್ರಿಲ್ ೭, ಸೋಮವಾರ

ಎಂಬತ್ತಾರು. ನಿನ್ನೆ ಸಂಜೆಯೂ ಎಂಬತ್ತಾರೇ ಇತ್ತು. ಅತ್ತೆ ಅನುಮಾನ ಪಟ್ಟು ಕೋನಮಾಪಕ ತರಿಸಿದರು. ಎಂಬತ್ತಾರೇ. “ಇದು ನಿಜವಾದ ಎಂಬತ್ತಾರು,” ಎಂದು ಬರೆದುಕೊಂಡರು.

ನಾಲ್ಕು ದಿನ, ನಾಲ್ಕು ಡಿಗ್ರಿ. ಲೆಕ್ಕ ಸುಲಭ. ಮೊಣಕಾಲಿಗೆ ಲೆಕ್ಕ ಬರುವುದಿಲ್ಲ, ಅದೇ ತೊಂದರೆ. ನನ್ನ ತಪ್ಪಿಗೆ ಹನ್ನೊಂದು ದಿನ ಹೋಗಿವೆ ಎಂದು ಸಂಜೆ ಬಾಯಿಬಿಟ್ಟೆ. ಅತ್ತೆ, “ಹತ್ತು. ಹನ್ನೊಂದನೇ ದಿನ ನಾನು ಹಿಡಿದೆನಲ್ಲ,” ಎಂದು ತಿದ್ದಿದರು.

ಏಪ್ರಿಲ್ ೧೧, ಶುಕ್ರವಾರ

ಡಾಕ್ಟರ ಕೋಣೆಯ ಹೊರಗೆ ಒಂದು ಗಂಟೆ ಕೂತೆವು. ಅತ್ತೆ ಮಗ್ಗಿ ಹೇಳಿಕೊಳ್ಳಲಿಲ್ಲ, ಬ್ಯಾಗಿನ ಹಿಡಿ ಹಿಂಡುತ್ತಿದ್ದರು. ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಏಳಾರ್ಲ ನಲವತ್ತೆರಡರ ಹತ್ತಿರ ನನಗೇ ತಪ್ಪಿತು.

ಒಳಗೆ ಡಾಕ್ಟರು ಕೋನ ಅಳೆಯುವ ಪಟ್ಟಿ ಹಿಡಿದು, ಕಾಲು ಬಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು.

“ಎಂಬತ್ತೊಂಬತ್ತು. ಪರವಾಗಿಲ್ಲ ಅಮ್ಮ, ತೊಂಬತ್ತು ಅಂತ ಬರ್ಕೊಳ್ತೀನಿ.”

ನನ್ನ ಜೀವ ಹಗುರವಾಯಿತು. ಇನ್ನೇನು ಕೈಮುಗಿಯಬೇಕು, ಆಗ ಅತ್ತೆ, “ಬೇಡ.”

“ಏನಮ್ಮ?”

“ಎಂಬತ್ತೊಂಬತ್ತು ಇದ್ರೆ ಎಂಬತ್ತೊಂಬತ್ತು ಅಂತ ಬರೀರಿ.”

“ಅತ್ತೆ!” ಎಂದು ಅವರ ತೋಳು ಹಿಡಿದೆ. ತೊಂಬತ್ತಕ್ಕೆ ಕಡಿಮೆಯಾದರೆ ಏನೆಂದು ಅವರಿಗೆ ಗೊತ್ತಿಲ್ಲವೇ?

“ಇವತ್ತೇ ತೊಂಬತ್ತು ಅಂತ ಬರೆದ್ರೆ, ನಾಳೆ ನಿಜವಾಗಿ ತೊಂಬತ್ತಾದಾಗ ಏನು ಬರೀಲಿ?” ಎನ್ನುತ್ತಾ ಬ್ಯಾಗಿನಿಂದ ಹಾಜರಿ ಪುಸ್ತಕ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು.

ಡಾಕ್ಟರು ಪುಟ ತಿರುಗಿಸಿದರು. ಎಪ್ಪತ್ತರ ಸಾಲು ಬಂದಾಗ ಬೆರಳಿಟ್ಟು ಹುಬ್ಬೇರಿಸಿದರು. “ಇಲ್ಲೇನಾಯ್ತು?” ನಾನು ಬಾಯಿ ತೆರೆದೆ. ಅತ್ತೆಯೇ ಮೊದಲು ಹೇಳಿದರು: “ಅಳತೆ ಕೆಟ್ಟಿತ್ತು. ರಿಪೇರಿ ಆಯ್ತು.”

ಆಮೇಲಿನ ಸಾಲುಗಳನ್ನು ಡಾಕ್ಟರು ಕೊನೆಯ ತನಕ ಓದಿದರು. ಎಪ್ಪತ್ನಾಲ್ಕು, ಎಪ್ಪತ್ತಾರು, ಎಪ್ಪತ್ತೆಂಟು, ಎಂಬತ್ತೆರಡು, ಎಂಬತ್ತಾರು. ಪುಸ್ತಕ ಮುಚ್ಚಿ, “ಇಷ್ಟು ಚೆನ್ನಾಗಿ ಏರ್ತಿರೋ ಕಾಲನ್ನ ನಾನ್ಯಾಕೆ ಮುಟ್ಟಲಿ? ಮನೆಗೆ ಹೋಗಿ. ಮೆಟ್ಟಿಲು ಹತ್ತಬಹುದು, ಪಕ್ಕದ ಕಂಬಿ ಹಿಡ್ಕೊಂಡು,” ಎಂದರು. ಎಂಬತ್ತೊಂಬತ್ತು ಎಂದೇ ಬರೆದುಕೊಂಡರು.

ಆಟೋದಲ್ಲಿ ಅತ್ತೆ ಹೊರಗೆ ನೋಡುತ್ತಾ, “ಒಳ್ಳೇ ಡಾಕ್ಟ್ರು. ಸ್ವಲ್ಪ ಸುಮಾರು,” ಎಂದರು.

ಏಪ್ರಿಲ್ ೧೬, ಬುಧವಾರ

ಆವೃತ್ತಿ ಬೆಳಿಗ್ಗೆ ಹೊರಗೆ ಹೋಯಿತು. ಫಿಸಿಯೋ ಮೇಡಮ್ಮಿನ ವೆಬ್‌ಸೈಟ್ ತೆರೆದರೆ ಅತ್ತೆಯ ವಾಕ್ಯವೇ ಬರುತ್ತದೆ. ಅತ್ತೆಯ ಫೋನಿಗೆ ಹೊಸದನ್ನು ಹಾಕಲೇ ಎಂದು ಕೇಳಿದೆ. ಐದು ನಿಮಿಷ ಯೋಚಿಸಿದಂತೆ ಮಾಡಿ, ಹಾಕು ಎಂದರು. ತಮ್ಮದೇ ಪ್ರಶ್ನೆ ಪರದೆಯ ಮೇಲೆ ಬಂದಾಗ ಎರಡು ಸಲ ಓದಿ, ‘ಸರಿಯಾಗಿ’ ಒತ್ತಿದರು. ತೊಂಬತ್ತೆರಡು.

ಮಧ್ಯಾಹ್ನ ಮಹಡಿ ಹತ್ತಿದರು. ನಾನು ಹಿಂದೆ, ಒಂದು ಮೆಟ್ಟಿಲು ಕೆಳಗೆ. ಮೆಟ್ಟಿಲಿಗೊಂದರಂತೆ ಏಳರ ಮಗ್ಗಿ, ಗಟ್ಟಿ ದನಿಯಲ್ಲಿ. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಎಂಟನೇ ಮೆಟ್ಟಿಲಿನಲ್ಲಿ ನಿಂತರು. ನಾನೂ ನಿಂತೆ. ಹಿಂತಿರುಗಿ ನೋಡಿ, “ಏಳೆಂಟ್ಲ ಐವತ್ತಾರು. ಆಸ್ಪತ್ರೇಲಿ ನೀನು ಕೇಳಿಸ್ಕೊಂಡಿದ್ದೆ, ನನಗೆ ಗೊತ್ತು,” ಎಂದು ಮತ್ತೆ ಹತ್ತಿದರು. ಹತ್ತಕ್ಕೆ ಏಳರದ್ದು ಮುಗಿದು ಎಂಟರದ್ದು ಶುರುವಾಯಿತು. ಹದಿನೇಳನೇ ಮೆಟ್ಟಿಲಿಗೆ, “ಎಂಟೇಳ್ಲ ಐವತ್ತಾರು.” ತಲುಪಿದರು.

ಕೆಳಗಿನ ಮಂಚ ಇವರು ಬಿಚ್ಚಿಟ್ಟರು. ಕೋಣೆ ನನಗೆ ಸಿಕ್ಕಿತು. ಮೇಜಿನ ಮುಂದೆ ಕೂತು ಒಂದು ಗಂಟೆ ಕೆಲಸ ಮಾಡಿದೆ. ಫ್ಯಾನು ಕಿರುಗುಟ್ಟುತ್ತಲೇ ಇತ್ತು, ಬೇರೇನೂ ಸದ್ದಿಲ್ಲ.

ಆಮೇಲೆ ಲ್ಯಾಪ್‌ಟಾಪು ಎತ್ತಿಕೊಂಡು ಮೇಲೆ ಹೋದೆ. ಕೋನಮಾಪಕ ವಾಪಸು ಕೊಡಬೇಕಿತ್ತು.

“ಇಲ್ಲಿ ಇಂಟರ್ನೆಟ್ ಬರೋಲ್ಲ ಅಂತಿದ್ದೆ?” ಎಂದರು ಅತ್ತೆ.

“ಸುಮಾರಾಗಿ ಬರುತ್ತೆ,” ಎಂದೆ.

ಅವರು ಮಂಚದ ಮೇಲೆ ಸ್ವಲ್ಪ ಆಚೆ ಸರಿದು ಜಾಗ ಮಾಡಿದರು. ಎರಡು ಗೆರೆ ಸಿಗ್ನಲ್. ಸಂಜೆ ಐದರ ಸಭೆಗೆ ಅಷ್ಟು ಸಾಕಾಯಿತು.